ಗುಡುಗು ಮೇಸ್ತ್ರಿಯೂ ಜೇನಿನ ಗಾಡಿಯೂ

ನಮ್ಮ ಭಾವನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಗುಡುಗು ಮೇಸ್ತ್ರಿ ಅಂದರೆ ಎಲ್ಲರಿಗೂ ಗೊತ್ತು. ನನ್ನ ಅಕ್ಕನ ಗಂಡ. ಮುಖ್ಯರಸ್ತೆಯ ತಿರುವಿನಲ್ಲಿ ಅವರ ಗ್ಯಾರೇಜು, ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಗಾಡಿ ಸೀಟುಗಳಿಗೆ ಹೊದಿಕೆ ಹೊಲಿಯುವ ನನ್ನ ಅಂಗಡಿ. ನಡುವೆ ಒಂದು ತಗಡಿನ ಗೋಡೆ. ಆ ಕಡೆ ಅವರು ಸುತ್ತಿಗೆ ಎತ್ತಿದರೆ ಈ ಕಡೆ ನನ್ನ ದಾರದ ಉಂಡೆಗಳು ಗೂಡಿನಿಂದ ಉರುಳಿ ಬೀಳುತ್ತಿದ್ದವು.

"ಭಾವ, ಸ್ವಲ್ಪ ಮೆಲ್ಲಗೆ!" ಅಂತ ನಾನು ಕೂಗಿದರೆ, "ಮೆಲ್ಲಗೆ ಹೊಡೆಯೋದಾದ್ರೆ ಹೊಡೆಯೋದ್ಯಾಕೆ ಸೂಜಿ?" ಅಂತ ಅವರು. ಸೂಜಿ ಅಂದರೆ ನಾನು.

ಹರೆಯದಲ್ಲಿ ಅವರು ಕಲ್ಲು ಕ್ವಾರಿಯಲ್ಲಿದ್ದರು. ಬಂಡೆಗೆ ಮದ್ದಿಟ್ಟು ಸಿಡಿಸುವ ಕೆಲಸ. ಕಿವಿಗೆ ಹತ್ತಿ ತುರುಕಿಕೊಳ್ಳುವವನು ಗಂಡಸೇ ಅಲ್ಲ ಅಂತ ಅಲ್ಲಿನವರೆಲ್ಲ ನಂಬಿದ್ದ ಕಾಲ. ಅವರ ಕಿವಿ ಪೂರ್ತಿ ಹೋಗಲಿಲ್ಲ, ಸಣ್ಣ ಸದ್ದುಗಳಷ್ಟೇ ಹೋದವು. ಹಕ್ಕಿ ಹೋಯಿತು, ಎಲೆ ಅಲುಗುವುದು ಹೋಯಿತು, ಒಲೆಯ ಮೇಲೆ ನೀರು ಕುದಿಯುವುದು ಹೋಯಿತು. ಮಗಳು ಕೂಸಾಗಿದ್ದಾಗ ಅವಳ ಉಸಿರು ಕೇಳಿಸದೆ ಗಾಬರಿಯಾಗಿ, ಮಲಗಿದ್ದ ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದರಂತೆ. ತನಗೆ ಕೇಳಿಸದ್ದು ಊರಿಗೂ ಕೇಳಿಸದು ಅನ್ನುವ ಹಾಗೆ ಅವರು ಮಾತಾಡುತ್ತಿದ್ದರು. "ಇವರು ನನ್ನ ಕಿವಿಯಲ್ಲಿ ಗುಟ್ಟು ಹೇಳಿದ್ರೆ ಹಾಲಿನವನು ಬಂದು ಹೌದಾ ಅಕ್ಕಾ ಅಂತ ಕೇಳ್ತಾನೆ" ಅಂತ ಅಕ್ಕ ನಗುವಳು.

ಕೆಲಸದಲ್ಲೂ ಅವರದು ಅದೇ ಧಾಟಿ. ಬಿಗಿದ ನಟ್ಟು, ಅಂಟಿದ ಡ್ರಮ್ಮು, ಸೊಟ್ಟಗಾದ ಬಾಗಿಲು, ಎಲ್ಲಕ್ಕೂ ಪೆಟ್ಟೇ ಮದ್ದು. ಕೆಟ್ಟ ಮೇಸ್ತ್ರಿ ಅಂತಲ್ಲ. ಎಲ್ಲಿಗೆ, ಎಷ್ಟು ಬಲವಾಗಿ ಹೊಡೆಯಬೇಕು ಅನ್ನುವುದು ಅವರಿಗೆ ಕರಗತವಾಗಿತ್ತು. ಆದರೆ ಹೊಡೆಯದೆ ಬಿಚ್ಚಿದ್ದನ್ನು ನಾನಂತೂ ಕಂಡಿರಲಿಲ್ಲ.

ಬೇಸಿಗೆ ಶುರುವಾಗಿದ್ದ ದಿನಗಳು. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು. ನಾನು ಅಂಗಡಿ ಕಸ ಗುಡಿಸುತ್ತಿದ್ದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹೊರಗೆ ನೋಡಿದರೆ ಒಂದು ಪಿಕಪ್ ಗಾಡಿ ಎಡಕ್ಕೆ ವಾಲಿಕೊಂಡು, ಏದುಸಿರು ಬಿಡುವವರ ಹಾಗೆ ಬಂದು ಗ್ಯಾರೇಜಿನ ಮುಂದೆ ನಿಂತಿತು. ಎಡ ಮುಂಚಕ್ರದಿಂದ ಸಣ್ಣಗೆ ಹೊಗೆ. ಹಿಂದೆ ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಬಲೆ ಬಿಗಿದಿತ್ತು. ಬಲೆಯೊಳಗೆ ಅಲ್ಲೊಂದು ಇಲ್ಲೊಂದು ಜೇನುನೊಣ ಹರಿದಾಡುತ್ತಿತ್ತು.

ತೆಳ್ಳಗಿನ ಹೆಂಗಸೊಬ್ಬರು ಇಳಿದರು. ಮುಸುಕಿನ ಟೋಪಿಯನ್ನು ಬೆನ್ನಿಗೆ ಜಾರಿಸಿಕೊಂಡಿದ್ದರು. "ಅಣ್ಣಾ, ಬ್ರೇಕು ಹಿಡ್ಕೊಂಡಿದೆ, ಬಿಡ್ತಾನೇ ಇಲ್ಲ. ಸೂರ್ಯಕಾಂತಿ ಹೊಲಕ್ಕೆ ಹೋಗ್ಬೇಕು. ಬಿಸಿಲೇರೋದ್ರೊಳಗೆ ಪೆಟ್ಟಿಗೆ ಇಳಿಸಿ ಬಾಗಿಲು ತೆಗೀಬೇಕು. ಇಲ್ಲಾಂದ್ರೆ ಒಳಗೇ ಬೆಂದು ಹೋಗ್ತಾವೆ."

ಭಾವನಿಗೆ ಅರ್ಧ ಕೇಳಿಸಿತು, ಉಳಿದದ್ದನ್ನು ಹೊಗೆ ಹೇಳಿತು. "ಕ್ಯಾಲಿಪರ್ ಪಿನ್ನು ಜಾಮಾಗಿದೆ ತಾಯಿ!" ಅಂತ ಗುಡುಗಿದರು.

ಅದೇನೆಂದು ನನಗೂ ಇಷ್ಟು ವರ್ಷದ ನೆರೆಯಿಂದ ಗೊತ್ತು. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಇಕ್ಕಳವೇ ಕ್ಯಾಲಿಪರ್. ಬೆರಳುದ್ದದ ಎರಡು ಪಿನ್ನುಗಳ ಮೇಲೆ ಅದು ಆಚೀಚೆ ಸರಿಯಬೇಕು. ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡರೆ ನೀವು ಬ್ರೇಕಿನಿಂದ ಕಾಲು ತೆಗೆದರೂ ಇಕ್ಕಳ ಕೈ ಬಿಡುವುದಿಲ್ಲ.

"ಪೆಟ್ಟಿಗೆ ಇಳಿಸಿ, ಗಾಡಿ ಎತ್ತೋಣ" ಅಂದರು ಭಾವ.

"ಇಳಿಸೋಕಾಗಲ್ಲ ಅಣ್ಣಾ. ಇಳಿಸಿದ್ರೆ ಕೆರಳ್ತಾವೆ, ಬೀದೀಲಿ ಜನ ಓಡಾಡೋ ಹೊತ್ತು." ಆಮೇಲೆ ಅವರು ಭಾವನ ಕೈಲಿದ್ದ ಸುತ್ತಿಗೆಯನ್ನು ನೋಡಿದರು. "ಹೊಡೆಯೋಕೂ ಆಗಲ್ಲ. ಗಾಡಿಗೆ ಬಿದ್ದ ಏಟು ಪೆಟ್ಟಿಗೆ ಒಳಗೆ ಹೋಗುತ್ತೆ."

ನಾನು ಕಸಬರಿಗೆ ಹಿಡಿದೇ ನಿಂತುಬಿಟ್ಟೆ. ಮೀನಿಗೆ ಈಜಬೇಡ ಅಂದ ಹಾಗಾಯಿತಲ್ಲ ಇದು!

ಭಾವ ಎಲ್ಲಿ ಜಾಕ್ ಕೊಡುವುದೆಂದು ನೋಡಲು ಬಗ್ಗಿ, ಒಂದು ಕೈಯನ್ನು ಗಾಡಿಯ ಪಕ್ಕೆಗೆ ಊರಿದರು. ಊರಿದ ಕೈ ಅಲ್ಲೇ ನಿಂತಿತು.

"ಇಂಜಿನ್ ಆಫ್ ಮಾಡಿ ತಾಯಿ."

"ಆಫ್ ಆಗಿದೆ ಅಣ್ಣಾ. ಕೀ ನನ್ ಕೈಲೇ ಇದೆ."

"ಮತ್ತೆ ಈ ನಡುಕ?"

"ಅವೇ. ಬಾಗಿಲು ಮುಚ್ಚಿದೆಯಲ್ಲ, ಸೆಕೆಗೆ ರೆಕ್ಕೆಯಿಂದ ಗಾಳಿ ಬೀಸ್ಕೊಳ್ತಿದಾವೆ. ಎಲ್ಲಾ ಒಟ್ಟಿಗೆ."

ಭಾವ ಇನ್ನೊಂದು ಕೈಯನ್ನೂ ಇಟ್ಟರು. ಆಮೇಲೆ ಹಣೆಯನ್ನೇ ತಗಡಿಗೆ ಒತ್ತಿದರು. ಅಷ್ಟು ದೊಡ್ಡ ಮನುಷ್ಯ, ಗಾಡಿಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ, ಬಾಯಿ ತುಸು ತೆರೆದು ನಿಂತಿದ್ದರು. ಎಷ್ಟೋ ವರ್ಷಗಳಿಂದ ಹಕ್ಕಿಯ ದನಿಯನ್ನೂ ಕೇಳದವರಿಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಜೀವಗಳ ಗುಂಯ್‌ಗಾಟ ಕಬ್ಬಿಣದೊಳಗೆ ಹಾಯ್ದು ಮೈಗೆ ಮುಟ್ಟಿತ್ತು.

"ಎಷ್ಟಿದಾವೆ?" ಕೇಳಿದರು.

"ಲೆಕ್ಕ ಇಟ್ಟೋರ್ಯಾರು ಅಣ್ಣಾ? ಒಂದು ಪೆಟ್ಟಿಗೇಲೇ ಒಂದು ಊರಿಗಾಗೋಷ್ಟು."

ಭಾವ ಸುತ್ತಿಗೆಯನ್ನು ಗೋಡೆಯ ಬುಡದಲ್ಲಿಟ್ಟರು. ಎಸೆಯಲಿಲ್ಲ, ಇಟ್ಟರು.

ಆ ಮೇಲಿನದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಹಲಗೆಯ ಮೇಲೆ ಜಾಕ್ ಇಟ್ಟು, ತುಂಬಿದ ಕೊಡ ಇಳಿಸುವವರ ಹಾಗೆ ಉಸಿರು ಹಿಡಿದು ಗಾಡಿ ಎತ್ತಿದರು. ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟರು. ಅಷ್ಟರಲ್ಲಿ ಗಾಡಿ ತಂದಿದ್ದ ಆ ಜೇನಿನಕ್ಕ ಏನು ಮಾಡಲೆಂದು ತೋಚದೆ ಆಕಾಶ ನೋಡುತ್ತಿದ್ದರು. ನಾನು ಒಳಗೆ ಹೋಗಿ ಸೀಟಿಗೆಂದು ತಂದಿದ್ದ ದಪ್ಪ ಹತ್ತಿ ಬಟ್ಟೆಯ ಥಾನನ್ನೇ ಎಳೆದು ತಂದೆ. "ಒದ್ದೆ ಮಾಡಿ ಮೇಲೆ ಹೊದಿಸಬಹುದಾ?" ಅವರ ಮುಖ ಅರಳಿತು. "ಗಾಳಿಗೆ ಪಕ್ಕ ಬಿಡಿ, ಬಿಸಿಲು ಬೀಳೋ ಕಡೆ ಹೊದಿಸೋಣ." ಇಬ್ಬರೂ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಅದ್ದಿ ಹೊದಿಸಿದೆವು. ಹತ್ತಿರ ಹೋದಾಗ ನನಗೂ ಕೇಳಿಸಿತು. ಸಾವಿರ ಜನ ತುಟಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದ ಹಾಗೆ.

ಚಕ್ರ ಬಿಚ್ಚಿದರು, ತಟ್ಟೆ ಕೆಂಡದಷ್ಟು ಕಾದಿತ್ತು. ನೀರು ಸುರಿದರೆ ಬಿರಿಯುತ್ತದೆಂದು ರಟ್ಟಿನಿಂದ ಗಾಳಿ ಬೀಸುತ್ತ ಕೂತರು. ಮೇಲೆ ಜೇನುಗಳು ಬೀಸುತ್ತಿದ್ದವು, ಕೆಳಗೆ ಭಾವ ಬೀಸುತ್ತಿದ್ದರು. ಆರಿದ ಮೇಲೆ ಇಕ್ಕಳದ ಬೋಲ್ಟು ತೆಗೆದು, ಅದರ ಪೈಪಿಗೆ ಭಾರ ಬೀಳದಂತೆ ತಂತಿಯಲ್ಲಿ ತೂಗುಹಾಕಿದರು. ಕೆಳಗಿನ ಪಿನ್ನು ಕೈಯಿಂದಲೇ ಬಂತು. ಮೇಲಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅವರ ಬಲಗೈ ತಾನಾಗಿಯೇ ನೆಲ ತಡವಿತು, ಸುತ್ತಿಗೆ ಹುಡುಕುತ್ತ. ಅರ್ಧಕ್ಕೇ ನಿಂತು ವಾಪಸ್ಸು ಬಂತು.

ಪಿನ್ನಿನ ರಬ್ಬರ್ ಟೋಪಿ ಸರಿಸಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರು. ತಟ್ಟೆಗೆ ಎಣ್ಣೆ ತಾಗದಂತೆ ಬಟ್ಟೆ ಸುತ್ತಿದ್ದರು. ಸ್ಪ್ಯಾನರ್ ಹಾಕಿ, ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಮತ್ತೆ ಎಣ್ಣೆ, ಮತ್ತೆ ಆ ಕಡೆ, ಈ ಕಡೆ. ಎಡಗೈ ಮಾತ್ರ ಗಾಡಿಯ ಮೇಲೇ ಇತ್ತು, ನಾಡಿ ಹಿಡಿದ ವೈದ್ಯರ ಹಾಗೆ. ನಡುಕ ಹೆಚ್ಚಾಯಿತು ಅನಿಸಿದರೆ ಸ್ಪ್ಯಾನರ್ ನಿಲ್ಲಿಸುವರು. ಇಳಿದ ಮೇಲೆ ಮತ್ತೆ ಶುರು.

ಬಲೆಯಿಂದ ತಪ್ಪಿಸಿಕೊಂಡ ಒಂದು ನೊಣ ಅವರ ಮೊಣಕೈ ಮೇಲೆ ಕೂತಿತು. ಇನ್ನೊಂದು ಕತ್ತಿನ ಹಿಂದೆ ಹರಿಯಿತು. ಏನಾಯಿತೋ, ಅದು ಕುಟುಕಿಬಿಟ್ಟಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಬೆರಳಿಗೆ ಸ್ಪ್ಯಾನರ್ ಜಾರಿದರೆ ಬೀದಿಯ ನಾಯಿಗಳು ಓಡಿಹೋಗುವಂತೆ ಕೂಗುವ ಮನುಷ್ಯ! ಭಾವನ ಕಣ್ಣಲ್ಲಿ ನೀರು ಬಂತು, ದವಡೆ ಬಿಗಿಯಿತು, ಸದ್ದು ಬರಲಿಲ್ಲ. ಜೇನಿನಕ್ಕ ಓಡಿಬಂದು ಉಗುರಿನಿಂದ ಮುಳ್ಳು ಕೆರೆದು ತೆಗೆದರು.

ಅಷ್ಟರಲ್ಲಿ ಹಿಂದಿನ ಮನೆಯಿಂದ ಅಕ್ಕ ಧಾವಿಸಿ ಬಂದಳು, ಕೈಯೆಲ್ಲ ಹಿಟ್ಟು. "ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ವಲ್ಲ ಅಕ್ಕ."

"ಮತ್ತೆ ಗ್ಯಾರೇಜಿಂದ ಸದ್ದೇ ಇಲ್ಲ! ನನ್ನೆದೆ ಧಸಕ್ಕಂತು ಕಣೆ."

ಭಾವ ತುಟಿಗೆ ಬೆರಳಿಟ್ಟು "ಶ್" ಅಂದರು. ಮದುವೆಯಾದಂದಿನಿಂದ ಆ ಗಂಡನ ಬಾಯಲ್ಲಿ ಆ ಅಕ್ಷರ ಕೇಳಿರದ ಅಕ್ಕ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು.

ಕೊನೆಗೆ ಪಿನ್ನು ಸೋತಿತು. ಸೋತಿತು ಅನ್ನಬಾರದು, ಒಪ್ಪಿತು. ಒಂದು ಸಣ್ಣ ತಿರುವಿಗೆ ಸಡಿಲಗೊಂಡು, ತಿರುಗಿಸುತ್ತ ಎಳೆದ ಹಾಗೆ ಹೊರಗೆ ಬಂತು. ಮೈಯೆಲ್ಲ ಕಂದು ತುಕ್ಕು, ಒಣಗಿ ಗಟ್ಟಿಯಾದ ಗ್ರೀಸು. "ಯಾರೋ ಬೇರಿಂಗ್ ಗ್ರೀಸು ತುಂಬಿದಾರೆ. ರಬ್ಬರ್ ಊದ್ಕೊಂಡಿದೆ" ಅಂದರು ಭಾವ, ಅದೂ ಪಿಸುಮಾತಲ್ಲಿ. ಪಿಸುಮಾತು ಒರಟಾಗಿತ್ತು, ಹೊಸ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ರಾಶಿಯಲ್ಲಿದ್ದ ಅದೇ ಜಾತಿಯ ಹಳೇ ಕ್ಯಾಲಿಪರಿನಿಂದ ಒಳ್ಳೆಯ ಪಿನ್ನು ಹುಡುಕಿ, ಹೊಸ ರಬ್ಬರ್ ಹಾಕಿದರು. ಪಿನ್ನು ಕೂರುವ ತೂತನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ ಒರೆಸಿ, ಬಟ್ಟೆ ಬೆಳ್ಳಗೇ ಬರುವವರೆಗೆ ಬಿಡಲಿಲ್ಲ. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸು ತೆಳ್ಳಗೆ ಸವರಿ ಎರಡೂ ಪಿನ್ನು ಕೂರಿಸಿ, ಒಂದೇ ಬೆರಳಲ್ಲಿ ಒತ್ತಿ ನೋಡಿದರು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸರಿಯಿತು.

ಎಲ್ಲ ಜೋಡಿಸಿ, ಗಾಡಿ ಇಳಿಸಿ, ಪೆಡಲು ಗಟ್ಟಿಯಾಗುವವರೆಗೆ ತುಳಿದು ತುಳಿದು ನೋಡಿದರು. "ಒಳಗಿನ ಬ್ರೇಕ್ ಪ್ಯಾಡು ತುಂಬಾ ಸವೆದಿದೆ ತಾಯಿ. ಹೊಲ ಮುಟ್ಟೋಕೆ ಸಾಕು, ವಾಪಸ್ ಬರ್ತಾ ಎರಡೂ ಕಡೆ ಹೊಸದು ಹಾಕೋಣ. ಈಗ ನಾನೂ ಬರ್ತೀನಿ, ಚಕ್ರ ಮತ್ತೆ ಬಿಸಿಯಾಗುತ್ತಾ ನೋಡ್ಬೇಕು." ಚಕ್ರದ ನೆಪ ನನಗೆ ಅರ್ಥವಾಯಿತು. ನನ್ನ ಒದ್ದೆ ಬಟ್ಟೆಯ ನೆಪ ಹಿಡಿದು ನಾನೂ ಹತ್ತಿದೆ.

ಹೊಲದ ಹತ್ತಿರ ಇಳಿದದ್ದೇ ಭಾವ ಚಕ್ರಕ್ಕೆ ಅಂಗೈ ಹಿಡಿದರು. ಬಲಗಡೆಯದು ಎಷ್ಟು ಬೆಚ್ಚಗಿತ್ತೋ ಎಡಗಡೆಯದೂ ಅಷ್ಟೇ. ಜೇನಿನಕ್ಕನ ತಮ್ಮ ಅಲ್ಲಿ ಕಾಯುತ್ತಿದ್ದ, ಪೆಟ್ಟಿಗೆಗಳು ಸರಸರ ಇಳಿದವು. ಜೇನಿನಕ್ಕ ಒಂದೊಂದರ ಬಾಗಿಲಿನ ಪಟ್ಟಿ ಎಳೆದರು.

ಮೊದಲು ಒಂದೆರಡು ಬಂದವು. ಆಮೇಲೆ ತೂಬು ಕಿತ್ತ ಕೆರೆಯ ಹಾಗೆ. ಆದರೆ ಯಾವುದೂ ಹೂವಿನ ಕಡೆ ಹೋಗಲಿಲ್ಲ. ಎಲ್ಲ ತಿರುಗಿ ಪೆಟ್ಟಿಗೆಗೇ ಮುಖ ಮಾಡಿ ಗಾಳಿಯಲ್ಲಿ ತೇಲುತ್ತ, ಹಿಂದಕ್ಕೆ ಹಿಂದಕ್ಕೆ, ಮೇಲಕ್ಕೆ ಮೇಲಕ್ಕೆ ಸರಿದವು.

"ಏನ್ ಮಾಡ್ತಿದಾವೆ?" ಭಾವ ಕೇಳಿದರು.

"ಹೊಸ ಜಾಗ ಅಲ್ವಾ ಅಣ್ಣಾ. ಮನೆ ಗುರುತು ಹಿಡ್ಕೊಳ್ತಿದಾವೆ. ಒಂದ್ಸಲ ನೋಡ್ಕೊಂಡ್ರೆ ಸಾಕು, ಎಲ್ಲಿ ಹೋದ್ರೂ ಬರ್ತಾವೆ."

ಭಾವ ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು. ಜೇನು ಹೊರಟ ಹಾಗೆಲ್ಲ ನಡುಕ ತೆಳ್ಳಗಾಗುವುದು ಅವರ ಕೈಗೆ ಗೊತ್ತಾಗುತ್ತಿತ್ತಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಅಷ್ಟನ್ನೇ ಹೇಳಿದ್ದು. ಅಕ್ಕ ಊಟ ಬಡಿಸುತ್ತ "ಏನ್ ನೋಡಿದ್ರಿ ಅಂಥದ್ದು?" ಅಂದರೆ, "ಹೇಳೋಕೆ ಬರಲ್ಲ ಕಣೆ. ನೀನೇ ಬಾ" ಅಂದರು.

ಮುಂದಿನ ವಾರ ಹೊಸ ಪ್ಯಾಡು ಹಾಕಿಸಲು ಜೇನಿನಕ್ಕ ಬಂದಾಗ ಅಕ್ಕ, ಭಾವ, ನಾನು ಮೂವರೂ ಅದೇ ಗಾಡಿಯಲ್ಲಿ ಹೋದೆವು. ಹೂಗಳು ಪೂರ್ತಿ ಅರಳಿದ್ದವು. ಜೇನುಗಳು ಹಿಂಗಾಲಿನಲ್ಲಿ ಹಳದಿ ಪುಡಿಯ ಉಂಡೆ ಹೊತ್ತು, ಭಾರಕ್ಕೆ ಹಿಂಬದಿ ಜೋತು, ವೇಗವಾಗಿ ಬಂದು ಪೆಟ್ಟಿಗೆಯ ಬಾಗಿಲ ಮುಂದೆ ಗಾಳಿಯಲ್ಲೇ ಗಕ್ಕನೆ ನಿಂತು, ಮೆಲ್ಲನೆ ಇಳಿಯುತ್ತಿದ್ದವು. ಒಂದಾದರೂ ಡಿಕ್ಕಿ ಹೊಡೆಯಲಿಲ್ಲ.

ಭಾವ ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ನೋಡೇ, ಅಷ್ಟು ಓವರ್‌ಲೋಡು. ಹೇಗೆ ನಿಲ್ಲಿಸ್ತಾವೆ ನೋಡು. ಯಾವ ಮೇಸ್ತ್ರಿ ಮಾಡಿದ್ದೋ ಇವಕ್ಕೆ ಬ್ರೇಕು!"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನಷ್ಟು ಹತ್ತಿರ ಸರಿದು ಕೂತಳು.