ಅಮ್ಮನ ಕ್ಯಾಸೆಟ್ಟಿಗೆ ನಾಲ್ಕನೇ ಸ್ಥಾನ

ಅಕ್ಕನೂ ನಾನೂ ಆ ವರ್ಷದ ಕ್ಯಾಸೆಟ್ಟುಗಳಿಗೆ ನಂಬರ್ ಕೊಟ್ಟು ಮುಗಿಸುವವರೆಗೆ ನಮ್ಮ ತ್ರಾಸಿಯ ಮನೆಯಲ್ಲಿ ಹಳೇ ವರ್ಷ ಮುಗಿಯುತ್ತಿರಲಿಲ್ಲ. ಡಿಸೆಂಬರಿನ ಕೊನೆಯ ಭಾನುವಾರ ಜಗಲಿಯಲ್ಲಿ ಚಾಪೆ ಹಾಸಿ, ಆ ವರ್ಷ ಮನೆಗೆ ಬಂದ ಕ್ಯಾಸೆಟ್ಟುಗಳನ್ನೆಲ್ಲ ಸಾಲಾಗಿ ಇಟ್ಟು, ನಡುವೆ ಟೇಪ್ ರೆಕಾರ್ಡರ್ ಕೂರಿಸುತ್ತಿದ್ದೆವು. ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ತಂದ ಸಿನಿಮಾ ಹಾಡುಗಳು, ಮುಂಬೈಯಿಂದ ಮಾವ ತಂದುಕೊಟ್ಟ ಹಿಂದಿ ಹಾಡುಗಳು, ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದ ಭಾವಗೀತೆಗಳು, ಎಲ್ಲಕ್ಕೂ ಒಂದೇ ಸಾಲು. ಕೊನೆಗೆ ಅಕ್ಕ ತನ್ನ ಕೆಂಪು ನೈಲ್‌ಪಾಲಿಶ್ ತೆಗೆದು ಡಬ್ಬಿಯ ಮೇಲೆ ಒಂದು, ಎರಡು, ಮೂರು ಎಂದು ಬರೆಯುತ್ತಿದ್ದಳು. ಬರೆದು ಊದಿ ಒಣಗಿಸಿದ ಮೇಲೆ ಬದಲಾವಣೆ ಇಲ್ಲ.

ನಿಯಮಗಳು ಅಕ್ಕನವು. ಎರಡೂ ಸೈಡ್ ಪೂರ್ತಿ ಕೇಳಬೇಕು. ಒಂದು ಹಾಡನ್ನೂ ಮುಂದಕ್ಕೆ ಓಡಿಸಬಾರದು. ಮೂಲೆಯಲ್ಲಿ ಬಲೆ ನೇಯುತ್ತ ಕೂತಿರುತ್ತಿದ್ದ ಅಪ್ಪಯ್ಯನ ಕಾಲಿನ ಹೆಬ್ಬೆರಳು ಯಾವ ಹಾಡಿಗೆ ತಾಳ ಹಾಕಿತೋ ಆ ಹಾಡಿಗೆ ಅರ್ಧ ಅಂಕ ಹೆಚ್ಚು. ಅಪ್ಪಯ್ಯನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಇನ್ನೊಂದು ನಿಯಮ ಎಲ್ಲಕ್ಕಿಂತ ಕಟ್ಟುನಿಟ್ಟಿನದು: ತೀರ್ಪು ಕೊಡುವವರು ಕೇಳುವಾಗ ಜೊತೆಗೆ ಹಾಡಬಾರದು.

"ಹಾಡ್ಕಂಡ್ ಕೇಂಡ್ರೆ ನಮ್ ಸ್ವರವೇ ಕೇಂತ್, ಕ್ಯಾಸೆಟ್ ಕೇಂತಿಲ್ಲೆ" ಎನ್ನುತ್ತಿದ್ದಳು ಅಕ್ಕ.

ಈ ಒಂದು ನಿಯಮದಿಂದಲೇ ಅಮ್ಮನಿಗೆ ನಮ್ಮ ಪಂಚಾಯಿತಿಯಲ್ಲಿ ಜಾಗ ಸಿಗಲಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಮೀನು ಮಾರಿ ಬಂದು, ಮಧ್ಯಾಹ್ನ ಅಡುಗೆ ಮಾಡಿ, ಸಂಜೆ ಕಡಲ ಬದಿಯ ಭಜನಾ ಮಂದಿರದಲ್ಲಿ ಹಾಡುತ್ತಿದ್ದ ಅಮ್ಮನಿಗೆ ಹಾಡು ಕೇಳಿದ ಕೂಡಲೇ ಬಾಯಿ ತೆರೆದುಕೊಳ್ಳುತ್ತಿತ್ತು.

"ಹಾಡ್ ಕೇಂಡ್ ಬಾಯ್ ಮುಚ್ಕಂಡ್ ಕೂಕಂಬುಕೆ ನಾನೆಂತ ಒಣಮೀನಾ?" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಒಳಗಿನಿಂದಲೂ ಹಾಡುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದ ಕಾಲದ ಒಂದು ವರ್ಷ ಅಮ್ಮನ ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ತಮ್ಮದೇ ಒಂದು ಕ್ಯಾಸೆಟ್ ಮಾಡಿದರು. ರೆಕಾರ್ಡಿಂಗ್ ಬ್ರಹ್ಮಾವರದಲ್ಲಿ, ಒಂದು ಅಂಗಡಿಯ ಮಾಳಿಗೆಯ ಕೋಣೆಯಲ್ಲಿ. ನೀರಿನ ಬಾಟಲಿಗಳ ಚೀಲ ಹೊರಲು ನಾನೂ ಹೋಗಿದ್ದೆ. ಬಸ್ಸಿನಲ್ಲಿ ಕುಂದಾಪುರ ದಾಟುವಷ್ಟರಲ್ಲಿ ಎಲ್ಲ ಭಜನೆಗಳನ್ನೂ ಒಂದು ಸುತ್ತು ಹಾಡಿ ಮುಗಿಸಿದ್ದರು. ಕಂಡಕ್ಟರ್ ಟಿಕೆಟ್ ಕೇಳುವುದನ್ನೇ ಮರೆತು ನಿಂತಿದ್ದರು.

ಕೋಣೆಯ ಗೋಡೆಗೆಲ್ಲ ಹಾಸಿಗೆ ಬಡಿದಿದ್ದರು. ಸದ್ದು ಬರುತ್ತದೆಂದು ಫ್ಯಾನ್ ಆರಿಸಿದರು. ಹೆಂಗಸರು ಬೆವರಿ ತೊಪ್ಪೆಯಾದರು. ಮೊದಲ ಭಜನೆ ಅರ್ಧ ಆಗುವಾಗ ರೆಕಾರ್ಡಿಂಗ್ ಮಾಡುವವರು ಕೈ ಎತ್ತಿ ನಿಲ್ಲಿಸಿದರು. ತಾಳಕ್ಕೆ ಕೈ ತಟ್ಟಿದಾಗಲೆಲ್ಲ ಗಾಜಿನ ಬಳೆಗಳು ಗಲ್ ಗಲ್ ಎನ್ನುತ್ತಿದ್ದವು.

"ಬಳೆ ಒಂದ್ ತೆಗಿನಿ ಅಮ್ಮ. ಸದ್ದ್ ಬತ್ತ್" ಎಂದರು.

ಒಬ್ಬರೂ ಅಲ್ಲಾಡಲಿಲ್ಲ. ಗಂಡ ಕಡಲಿಗೆ ಹೋಗಿರುವಾಗ ಯಾವ ಹೆಂಗಸು ಕೈ ಬರಿದು ಮಾಡಿಕೊಂಡಾಳು. ಆಗ ಅಮ್ಮ ಎದ್ದು, ತಲೆಯ ಮೇಲೆ ಬುಟ್ಟಿ ಇಡಲು ಸುತ್ತುವ ಸಿಂಬಿಯ ಬಟ್ಟೆಯನ್ನು ಚೀಲದಿಂದ ತೆಗೆದು ಪರಪರ ಹರಿದಳು.

"ತೆಗುದ್ ಬ್ಯಾಡ, ಕಟ್ವ."

ಎಲ್ಲರ ಮುಂಗೈಗೂ ಬಳೆಗಳ ಮೇಲೆ ಬಟ್ಟೆಯ ಪಟ್ಟಿ ಬಿತ್ತು. ಗಾಯವಾದವರ ಹಾಗೆ ಸಾಲಾಗಿ ನಿಂತು ದೇವರನ್ನು ಹಾಡಿ ಹೊಗಳಿದರು. ಕೋಣೆಯ ತುಂಬ ಸಣ್ಣಗೆ ಬಂಗುಡೆಯ ವಾಸನೆ. ನನಗೆ ನಗು ತಡೆಯಲಾರದೆ ಹಾಸಿಗೆ ಬಡಿದ ಗೋಡೆಗೆ ಮುಖ ಒತ್ತಿಕೊಂಡು ನಿಂತಿದ್ದೆ.

ಆ ಡಿಸೆಂಬರಿನಲ್ಲಿ ಅಮ್ಮನ ಕ್ಯಾಸೆಟ್ಟೂ ಚಾಪೆಯ ಸಾಲಿಗೆ ಬಂತು. ಅಮ್ಮ ಅಂದು ಎಂದೂ ಇಲ್ಲದ ಹಾಗೆ ಜಗಲಿಯಲ್ಲೇ ಸಿಗಡಿ ಸುಲಿಯುತ್ತ ಕೂತಳು. ತನ್ನ ಕ್ಯಾಸೆಟ್ ಸುತ್ತುತ್ತಿದ್ದಾಗ ಮೊದಲಿನಿಂದ ಕೊನೆಯವರೆಗೂ ಜೊತೆಗೆ ಹಾಡಿದಳು. ಅಕ್ಕನೂ ನಾನೂ ಮೂಲೆಗೆ ಹೋಗಿ ಪಿಸುಗುಟ್ಟಿ ತೀರ್ಮಾನಿಸಿದೆವು. ಅಕ್ಕ ನೈಲ್‌ಪಾಲಿಶಿನಲ್ಲಿ ನಾಲ್ಕು ಎಂದು ಬರೆದಳು.

"ನಾಕಾ?" ಎಂದಳು ಅಮ್ಮ.

"ಅಡ್ಡಿಲ್ಲೆ ಅಮ್ಮ, ಲಾಯ್ಕಿತ್ತ್. ಆರೆ ಎರಡ್ನೇ ಸೈಡಲ್ಲಿ ಯಾರೋ ಒಬ್ರ್ ತಾಳಕ್ಕಿಂತ ಮುಂಚೆ ಹೊಕ್ರ್ ಕಾಣ್" ಎಂದಳು ಅಕ್ಕ.

"ಅದ್ ನನ್ ಎಡದ್ ಬದಿಗೆ ನಿಂತಿದ್ದವ್ಳ್. ಅವ್ಳ್ ಯಾವಾಗ್ಳೂ ಹಂಗೆ. ಅವ್ಳ್ ಮಾಡಿದ್ದಕ್ಕೆ ನಂಗೆಂತಕ್ ನಾಕ್?"

ಅಂದು ಊಟಕ್ಕೆ ನಮ್ಮಿಬ್ಬರ ತಟ್ಟೆಗೂ ಅಂಜಲ್ ಮೀನಿನ ಬಾಲದ ತುಂಡೇ ಬಿತ್ತು. ನಡುವಿನ ತುಂಡುಗಳೆಲ್ಲ ಅಪ್ಪಯ್ಯನಿಗೆ. ಅಪ್ಪಯ್ಯ ಆಶ್ಚರ್ಯದಿಂದ ಅಮ್ಮನ ಮುಖ ನೋಡಿ, ಹೆಚ್ಚು ಕೇಳದೆ ತಿಂದರು.

ಆಮೇಲೆ ಅಕ್ಕ ಮದುವೆಯಾಗಿ ಬಿಜೂರಿಗೆ ಹೋದಳು, ಗದ್ದೆ, ತೆಂಗಿನತೋಟದ ಮನೆಗೆ. ನಾನು ಬ್ರಹ್ಮಾವರಕ್ಕೆ ಬಂದೆ. ಇಲ್ಲಿ ನನ್ನ ಗಂಡನೂ ನಾನೂ ಕನ್ನಡಕದ ಅಂಗಡಿ ನಡೆಸುತ್ತೇವೆ. ಅಮ್ಮ ತ್ರಾಸಿಯಲ್ಲೇ ಅಣ್ಣನ ಸಂಸಾರದ ಜೊತೆ ಇದ್ದಾಳೆ, ಹಬ್ಬಕ್ಕೂ ಕೊಯ್ಲಿಗೂ ಬಿಜೂರಿಗೆ ಹೋಗಿ ಕೂರುತ್ತಾಳೆ. ಮೂರು ಊರಾದರೂ ಆ ನಾಲ್ಕು ಎಂಬ ಅಂಕಿ ನಮ್ಮ ಜೊತೆಗೇ ಬಂತು. ನನ್ನ ಬಾಣಂತನಕ್ಕೆ ಬಂದಿದ್ದಾಗ ಮಗುವಿಗೆ ನೀರು ಹಾಕುತ್ತ ಅಮ್ಮ ಹೇಳಿದ್ದಳು, "ನಿನ್ ಅಮ್ಮ ನಂಗೆ ನಾಕ್ ಕೊಟ್ಟವ್ಳ್. ನೀ ಸಮಾ ಕೊಡ್ ಮಗಾ."

ಈ ಸಲ ಕೊಯ್ಲು ಮುಗಿದ ಮೇಲೆ ಅಕ್ಕ ಅಟ್ಟ ಗುಡಿಸುವಾಗ ಹಳೇ ಕ್ಯಾಸೆಟ್ಟುಗಳ ಡಬ್ಬಿ ಸಿಕ್ಕಿತು. ತಕ್ಷಣ ಫೋನ್ ಮಾಡಿದಳು.

"ಹೆಣೆ, ಆಗ ನಮ್ಗೆ ತಲೆ ಸಮಾ ಇದ್ದಿತ್ತಾ? ಒಂದ್ ಕೊಟ್ಟದ್ದ್ ಯಾವುದಕ್ಕೆ ಅಂದೇಳಿ ಕಂಡ್ರೆ ನಾಚ್ಕಿ ಆತ್ತ್. ಬಾ, ಎಲ್ಲ ವರ್ಷದ್ದೂ ಮತ್ತೊಂದ್ಸಲ ಕೇಂಬ."

ಭಾನುವಾರ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಬಿಜೂರಿನ ಬಸ್ಸು ಹತ್ತಿದೆ. ಅಮ್ಮನೂ ಅಲ್ಲೇ ಇದ್ದಳು, ಅಂದು ಸಂಜೆ ತ್ರಾಸಿಗೆ ವಾಪಸ್ ಹೋಗುವವಳಿದ್ದಳು. ಅಂಗಳದ ನೆರಳಿನಲ್ಲಿ ಅಕ್ಕ ಕ್ಯಾಸೆಟ್ಟುಗಳನ್ನು ಹಪ್ಪಳದ ಹಾಗೆ ಹರಡಿ ಕೂತಿದ್ದಳು, ಬೂಸ್ಟು ಹಿಡಿದದ್ದನ್ನು ಹತ್ತಿಯಿಂದ ಒರೆಸುತ್ತ. ಮನೆಯ ಟೇಪ್ ರೆಕಾರ್ಡರ್ ಎಂದೋ ಕೆಟ್ಟಿತ್ತು. ಕ್ಯಾಸೆಟ್ ತಿರುಗುವ ಜಾಗ ಒಂದೇ ಉಳಿದಿತ್ತು, ಭಾವನ ಹಳೇ ವ್ಯಾನಿನ ಸ್ಟೀರಿಯೊ. ಅದಕ್ಕೊಂದು ಚಾಳಿ. ಒಳಗೆಲ್ಲೋ ವೈರ್ ಸಡಿಲವಾಗಿ, ವ್ಯಾನ್ ಓಡುತ್ತ ಕುಲುಕುತ್ತಿದ್ದರೆ ಮಾತ್ರ ಹಾಡುತ್ತಿತ್ತು. ನಿಂತರೆ ಮೌನ.

"ನಿಂತ್ರೆ ಆತಿಲ್ಲೆ, ಹೋತಾ ಇರ್ಕ್" ಎಂದರು ಭಾವ ಕೀಲಿ ತಿರುಗಿಸುತ್ತ. "ಹೆಂಗೂ ಅತ್ತೆನ ತ್ರಾಸಿಗೆ ಬಿಡುಕಿತ್ತಲೆ. ಬೈಂದೂರಿಗೆ ಹೋಯಿ ತಿರ್ಗಿ ಬಪ್ಪ. ನಂದ್ ಓಟಿಲ್ಲೆ, ನಾ ಡ್ರೈವರ್."

ಹಾಗೆ, ಮೊದಲು ತ್ರಾಸಿಗೆ ಬೆನ್ನು ಹಾಕಿ ಬೈಂದೂರಿನ ಕಡೆಗೆ ಹೊರಟೆವು. ಅಮ್ಮ ಮುಂದೆ, ನಾವಿಬ್ಬರು ಹಿಂದೆ, ಮಡಿಲಲ್ಲಿ ಕ್ಯಾಸೆಟ್ಟುಗಳು. ದಾರಿ ಸಣ್ಣದಾದ್ದರಿಂದ ಸೈಡಿಗೆ ಒಂದೋ ಎರಡೋ ಹಾಡು ಸಾಕೆಂದೂ, ಈ ಸಲ ಅಮ್ಮನಿಗೂ ಓಟು ಕೊಡುವುದೆಂದೂ ಅಕ್ಕ ಘೋಷಿಸಿದಳು. ಶರತ್ತು ಹಳೆಯದೇ, ಬಾಯಿ ಮುಚ್ಚಿಕೊಂಡು ಕೇಳಬೇಕು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು.

ಬೈಂದೂರು ತಲುಪುವ ಮೊದಲೇ ನಮ್ಮ ಮೊದಲ ವರ್ಷದ ಮೊದಲ ಸ್ಥಾನ ಉರುಳಿಬಿತ್ತು. ನಾವು ಕುಣಿದು ಕುಪ್ಪಳಿಸಿ ಒಂದು ಕೊಟ್ಟಿದ್ದ ಆಲ್ಬಂ ಅದು. ಈಗ ಕೇಳಿದರೆ ತೆಂಗಿನಕಾಯಿ ಹಾಕದೆ ಮಿಕ್ಸಿ ತಿರುಗಿಸಿದ ಹಾಗಿತ್ತು. ಅಕ್ಕ ಅದನ್ನು ಅಲ್ಲೇ ಕೊನೆಯ ಸ್ಥಾನಕ್ಕೆ ತಳ್ಳಿದಳು. ಮರುವರ್ಷದ ಭಾವಗೀತೆಗಳಿಗೆ ಆಗ ನಾವು ಕೊಟ್ಟದ್ದು ಕೊನೆಯ ಸ್ಥಾನ. ಈಗ ಎರಡನೇ ಹಾಡಿಗೇ ಮೂವರ ಕಣ್ಣೂ ಒದ್ದೆ, ಮೂವರಿಗೂ ಅದೇ ಕಾರಣಕ್ಕೆ ನಗು.

"ಆಗ ನಮ್ಗೆ ಬೇಜಾರ್ ಅಂದ್ರೆ ಎಂತ ಅಂದೇಳಿ ಗೊತ್ತಿರ್ಲಿಲ್ಲೆ. ಗೊತ್ತಿಲ್ದೆ ಎಂತ ನಂಬರ್ ಕೊಡುದ್" ಎಂದಳು ಅಕ್ಕ ಮೂಗು ಒರೆಸಿಕೊಳ್ಳುತ್ತ. ಅದು ಒಂದನೇ ಸ್ಥಾನಕ್ಕೆ ಹಾರಿತು. ಅಪ್ಪಯ್ಯ ಹೋಗಿ ವರ್ಷಗಳಾದವು. ಅವರ ಅರ್ಧ ಅಂಕವನ್ನು ಮಾತ್ರ ನಾವು ಎಲ್ಲೂ ತೆಗೆಯಲಿಲ್ಲ.

ಬೈಂದೂರಿನಲ್ಲಿ ತಿರುಗಿ ದಕ್ಷಿಣಕ್ಕೆ ಹೊರಟೆವು. ನಡುವೆ ದನಗಳು ಅಡ್ಡ ಬಂದು ವ್ಯಾನ್ ನಿಂತಾಗ ಗಾಯಕಿಯ ಆಲಾಪ ಗಕ್ಕನೆ ನಿಂತಿತು. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹ್ವಾಯ್, ದನ ಆಚಿಗೆ ಮಾಡಿನಿ, ಹಾಡ್ ನಿಂತ್ ಹೋಯ್ತ್" ಎಂದು ರಸ್ತೆ ಬದಿಯಲ್ಲಿದ್ದವರನ್ನು ಕೂಗಿದಳು. ಅವರು ವ್ಯಾನನ್ನು ನೋಡಿದರು, ದನವನ್ನು ನೋಡಿದರು, ಏನೂ ಅರ್ಥವಾಗದೆ ದನ ಓಡಿಸಿದರು. ನಾವು ಹೊಟ್ಟೆ ಹಿಡಿದುಕೊಂಡು ಸೀಟಿನಿಂದ ಜಾರಿದೆವು.

ಮರವಂತೆ ಬಂತು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಅಮ್ಮನ ವರ್ಷವೂ ಬಂತು. ಅಕ್ಕ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದಳು, ಅಮ್ಮ ತಾನೇ ತಳ್ಳಿದಳು. ಆ ಮಾಳಿಗೆಯ ಕೋಣೆ, ಆ ಸೆಖೆ, ಬಟ್ಟೆ ಕಟ್ಟಿದ ಕೈಗಳ ಮೆತ್ತನೆಯ ತಾಳ ಎಲ್ಲ ವ್ಯಾನಿನೊಳಗೆ ತುಂಬಿತು. ಅಮ್ಮ ಸೆರಗನ್ನು ಇನ್ನೂ ಬಲವಾಗಿ ಒತ್ತಿಕೊಂಡಳು. ಬೆನ್ನು ಮಾತ್ರ ಅಲುಗುತ್ತಿತ್ತು.

ಎರಡನೇ ಸೈಡಿನಲ್ಲಿ ಆ ಜಾಗ ಬಂತು. ಮುಖ್ಯ ಗಾಯಕಿ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಮೊದಲೇ ಒಂದು ಸ್ವರ ಒಂಟಿಯಾಗಿ, ದಿಟ್ಟವಾಗಿ, ಮೀನು ಬಂತು ಎಂದು ಬೀದಿಯಲ್ಲಿ ಕೂಗುವ ಗತ್ತಿನಲ್ಲೇ ಒಳಗೆ ಹೊಕ್ಕಿತು. ಉಳಿದವರು ಹಿಂದಿನಿಂದ ಓಡಿಬಂದರು.

ಅಮ್ಮ ಸೆರಗು ಬಿಟ್ಟಳು. "ಹಿಂದೆ ಹಾಕ್ ಒಂದ್ಸಲ."

ಭಾವ ಬಟನ್ ಒತ್ತಿ ಹಿಂದಕ್ಕೆ ಓಡಿಸಿದರು. ಅದೇ ಸ್ವರ ಮತ್ತೆ ಹೊಕ್ಕಿತು.

"ಅಯ್ಯೋ ದೇವ್ರೆ" ಎಂದಳು ಅಮ್ಮ ಮೆಲ್ಲಗೆ. "ಅದ್ ನಾನೇ."

ಅಷ್ಟು ವರ್ಷ ಆ ಕ್ಯಾಸೆಟ್ಟನ್ನು ಎಷ್ಟು ಸಲ ಹಾಕಿದ್ದಳೋ, ಪ್ರತಿ ಸಲವೂ ಜೊತೆಗೆ ಹಾಡಿದ್ದಳು. ಬಾಯಿ ಮುಚ್ಚಿ ಕೇಳಿದ್ದು ಇದೇ ಮೊದಲು. ಅಮ್ಮನಿಗೆ ನಗು ಶುರುವಾಯಿತು. ಡ್ಯಾಶ್‌ಬೋರ್ಡಿಗೆ ಹಣೆ ಇಟ್ಟು ನಕ್ಕಳು, ಕೆಮ್ಮಿದಳು, ಕಣ್ಣು ಒರೆಸಿ ಮತ್ತೆ ನಕ್ಕಳು. ಆಮೇಲೆ ನನ್ನ ಫೋನ್ ಕೇಳಿ ಇಸಿದುಕೊಂಡು, ಅಂದು ಎಡಬದಿಗೆ ನಿಂತಿದ್ದ ಗೆಳತಿಗೆ ಕರೆ ಮಾಡಿಸಿದಳು. ಅವರೀಗ ಶಂಕರನಾರಾಯಣದಲ್ಲಿ ಮಗಳ ಮನೆಯಲ್ಲಿದ್ದಾರೆ. ಸ್ಪೀಕರ್ ಹಾಕಿದೆ.

"ಹೆಣೆ, ಆ ಕ್ಯಾಸೆಟ್ಟಗೆ ಮುಂಚೆ ಹೊಕ್ಕದ್ದ್ ನಾನ್ ಮಾರಾಯ್ತಿ. ನಾ ಇಷ್ಟ್ ವರ್ಷ ಮನೆಯರ ಹತ್ರ ಎಲ್ಲ ನೀನೇ ಅಂದೇಳಿ ಹೇಳ್ಕಂಡ್ ಬಂದೆ."

ಆ ಕಡೆ ಕುಕ್ಕರ್ ಸೀಟಿ ಹಾಕಿತು.

"ಅದ್ ನಮ್ಗೆಲ್ಲ ಅವತ್ತೇ ಗೊತ್ತಿತ್ತ್" ಎಂದರು ಅವರು. "ರೆಕಾರ್ಡಿಂಗಿನವ್ರ್ ಮತ್ತೊಂದ್ಸಲ ಹಾಡಿ ಅಂದ್ರ್. ನಾವೇ ಬ್ಯಾಡ ಅಂದದ್ದ್. ಎಲ್ಲಿ ಹೊಗ್ಕ್ ಅಂದೇಳಿ ನಮ್ಗೆ ಯಾರಿಗೂ ಗೊತ್ತಿರ್ಲಿಲ್ಲೆ. ನೀ ಹೊಕ್ಕದ್ದ್ ಕಂಡೇ ನಾವ್ ಹೊಕ್ಕದ್ದ್."

ಫೋನ್ ಇಟ್ಟ ಮೇಲೆ ಶುರುವಾದದ್ದು ನಿಜವಾದ ಜಗಳ. ಅಕ್ಕನಿಗೂ ನನಗೂ ಈಗ ಅದು ಒಂದನೇ ಸ್ಥಾನಕ್ಕೇ ಬರಬೇಕು. ಅಮ್ಮ ಒಪ್ಪಲಿಲ್ಲ.

"ತಾಳ ತಪ್ಪಿದ್ದಕ್ಕೆ ಒಂದ್ ಕೊಡುಕಾತ್ತಾ? ಐದ್ ಮಾಡಿ."

"ಅಮ್ಮ, ಅದೇ ಚಂದ ಇಪ್ಪುದ್ ಅದ್ರಗೆ" ಎಂದೆ.

"ಚಂದ ಬೇರೆ, ತಾಳ ಬೇರೆ. ನಂಗೂ ಓಟ್ ಇತ್ತಲೆ? ಐದ್."

ನಾವು ಬೇಡಿಕೊಂಡೆವು, ಗದರಿದೆವು, ಬಾಲದ ತುಂಡಿನ ಕತೆ ಎತ್ತಿದೆವು. ಅಮ್ಮ ಜಗ್ಗಲಿಲ್ಲ. ಕೊನೆಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಭಿಪ್ರಾಯ ಹೇಳದ ಭಾವ ಗೇರ್ ಬದಲಾಯಿಸುತ್ತ, "ಎರಡ್ ಮಾಡಿನಿ ಅತ್ತೆ, ಯಾರಿಗೂ ಬೇಜಾರ್ ಬ್ಯಾಡ" ಎಂದರು. ಅಳಿಯನ ಮಾತಿಗೆ ಅಮ್ಮ ಎದುರಾಡುವವಳಲ್ಲ. ಎರಡು ಎಂದು ನಿಂತಿತು.

ಇಷ್ಟರಲ್ಲಿ ತ್ರಾಸಿ ಯಾವಾಗ ಹಿಂದೆ ಹೋಯಿತೋ ಯಾರೂ ನೋಡಲಿಲ್ಲ. ಹೆಮ್ಮಾಡಿ ಬಂದಾಗ ಭಾವ ಕೇಳಿದರು, "ತಿರ್ಗ್ಸುದಾ ಅತ್ತೆ?"

"ಮುಂದಿನ್ ವರ್ಷದ್ದ್ ಒಂದ್ ಕೇಂಬ" ಎಂದಳು ಅಮ್ಮ, ಕಿಟಕಿಯ ಗಾಜು ಪೂರ್ತಿ ಇಳಿಸುತ್ತ.

ಆ ವರ್ಷದ್ದು ಮುಗಿಯುವಾಗ ಕುಂದಾಪುರ ದಾಟಿತ್ತು. ಅದರ ಮುಂದಿನ ವರ್ಷದ್ದು ಹಿಂದಿ ಹಾಡುಗಳು. ನಿಯಮ ಮುರಿದು ಮೊದಲು ಹಾಡತೊಡಗಿದವಳು ಅಕ್ಕ. ಆಮೇಲೆ ಯಾರನ್ನೂ ತಡೆಯುವವರಿರಲಿಲ್ಲ. ಗಂಟಲು ಕಟ್ಟುವವರೆಗೆ ಹಾಡಿ, ಬ್ರಹ್ಮಾವರದಲ್ಲಿ ನಮ್ಮ ಅಂಗಡಿಯ ಮುಂದೆ ಹೋಗಿ ನಿಂತೆವು. ನನ್ನ ಗಂಡ ಯಾರದೋ ಕನ್ನಡಕದ ಸ್ಕ್ರೂ ಬಿಗಿ ಮಾಡುತ್ತಿದ್ದವರು ಹಾಗೇ ಎದ್ದು ಬಂದು, ಬಿಜೂರಿನಲ್ಲಿ ಇರಬೇಕಾದ ನಾವೆಲ್ಲ ಅಲ್ಲಿ ಯಾಕಿದ್ದೇವೆಂದು ಬೆರಗಾಗಿ ನೋಡಿದರು.

ಅಮ್ಮ ಸೀಟಿನಲ್ಲಿ ಆಚೆ ಸರಿದು ಅವರಿಗೆ ಜಾಗ ಮಾಡಿದಳು.

"ಬಾಗ್ಲ್ ಹಾಕಿ ಬನಿ ಮಾರಾಯ್ರೆ. ಇನ್ನೂ ಸುಮಾರ್ ವರ್ಷ ಬಾಕಿ ಇತ್ತ್."