ಇಟಲಿಯವನು ಕೇಳಿದ ಬೆಲ್ಲ

ಕಾಸರಗೋಡಿನವರಿಗೆ ಭಾಷೆಯ ವಿಷಯದಲ್ಲಿ ಸ್ವಲ್ಪ ಜಂಬ. ನನಗಂತೂ ಸ್ವಲ್ಪ ಹೆಚ್ಚೇ ಇತ್ತು. ಬೆಳಿಗ್ಗೆ ಮೀನಿನವನ ಹತ್ತಿರ ಬ್ಯಾರಿಯಲ್ಲಿ ಚೌಕಾಸಿ ಮಾಡಿ, ರೇಷನ್ ಅಂಗಡಿಯಲ್ಲಿ ಮಲಯಾಳದಲ್ಲಿ ಜಗಳ ಕಾದು, ಶಾಲೆಯಲ್ಲಿ ಮಕ್ಕಳಿಗೆ ಕನ್ನಡದ ಸಂಧಿ ಸಮಾಸ ಕಲಿಸಿ, ಸಂಜೆ ಮನೆಗೆ ಬಂದು ಗಂಡನಿಗೆ ತುಳುವಿನಲ್ಲಿ ಬೈಯುವವಳು ನಾನು. ಇಂಥ ನಾನು ಒಂದು ಸಂಜೆ ಬೇಕಲದ ಕಡೆಯ ದೊಡ್ಡ ರೆಸಾರ್ಟಿನ ಇಟಾಲಿಯನ್ ರೆಸ್ಟೊರೆಂಟಿನಲ್ಲಿ, ಮೆನು ಕಾರ್ಡು ಹಿಡಿದುಕೊಂಡು ಒಂದನೇ ಕ್ಲಾಸಿನ ಮಗುವಿನ ಹಾಗೆ ಪಿಳಿಪಿಳಿ ಕಣ್ಣು ಬಿಡುತ್ತಾ ಕೂತಿದ್ದೆ. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಹೋದದ್ದು ಅತ್ತೆಯ ಹುಟ್ಟುಹಬ್ಬಕ್ಕೆ. ಎಪ್ಪತ್ತೈದು ತುಂಬಿತು ಎಂದು ನಾವು ನಂಬಿದ ದಿನ ಅದು. ಅತ್ತೆಗೆ ತಾನು ಹುಟ್ಟಿದ ತಾರೀಕು ಗೊತ್ತಿಲ್ಲ. ಶ್ರಾವಣದ ಹೊತ್ತಿಗೆ ಬರುವ ತುಳುವರ ಸೋಣ ತಿಂಗಳು, ಮನೆಯ ಕೆಂಪು ದನ ಕರು ಹಾಕಿದ ಮರುದಿನ ಎಂಬುದಷ್ಟೇ ಅವರ ಲೆಕ್ಕ. ಆ ದನದ ಜಾತಕ ಯಾರೂ ಬರೆದಿಡಲಿಲ್ಲವಾದ್ದರಿಂದ ಸೋಣದ ಒಂದು ಶನಿವಾರವನ್ನು ನಮ್ಮ ಮಗಳು ಅಶ್ವಿನಿಯೇ ಆರಿಸಿದಳು. ಅವಳು ಇಲ್ಲೇ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಹಿಡಿದದ್ದನ್ನು ಬಿಡುವ ಜಾತಿಯಲ್ಲ.

ಹುಟ್ಟುಹಬ್ಬ ಒಂದು ನೆಪ. ನಿಜ ಸಂಗತಿ ಬೇರೆ ಇತ್ತು. ಆ ಮಳೆಗಾಲದ ಮೊದಲಲ್ಲಿ ಅತ್ತೆಗೆ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಗಂಟುನೋವೂ ಇಳಿಯಿತು, ಆದರೆ ಬಾಯಿಯ ರುಚಿ ವಾಪಸು ಬರಲಿಲ್ಲ. ಏನು ಕೊಟ್ಟರೂ ಎರಡು ತುತ್ತು, ಮತ್ತೆ ಬಟ್ಟಲು ದೂಡಿಬಿಡುವುದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಬೇರೇನೂ ತೊಂದರೆ ಇಲ್ಲ, ಅವರಿಗೆ ಇಷ್ಟವಾದದ್ದು ಕೊಡಿ" ಎಂದರು. ಇಷ್ಟವಾದದ್ದು ಯಾವುದು ಎಂದೇ ಅಲ್ಲವೇ ನಾವು ಹುಡುಕುತ್ತಿದ್ದದ್ದು! ಪತ್ರೊಡೆ ಮಾಡಿದೆ, ಹಲಸಿನ ಎಲೆಯ ಕಡುಬು ಮಾಡಿದೆ, ನೀರುದೋಸೆಯನ್ನು ಕರವಸ್ತ್ರದಷ್ಟು ತೆಳ್ಳಗೆ ಹೊಯ್ದೆ. ಸೀರೆಯ ನೆರಿಗೆ ಒಳಗೆ ಅತ್ತೆ ದಿನ ದಿನ ಸಣ್ಣಗಾಗುತ್ತಿದ್ದರು. ಅತ್ತೆ ಸೊರಗಿದರೆ ಊರಿನವರು ನೋಡುವುದು ಸೊಸೆಯ ಮುಖವನ್ನು. ಆಚೆಮನೆಯಾಕೆ ನನ್ನನ್ನು ನೋಡಿ, "ನೀನು ಮಾತ್ರ ಚೆನ್ನಾಗಿದ್ದಿ ಮಾರಾಯ್ತಿ" ಎಂದದ್ದರಲ್ಲಿ ಹೊಗಳಿಕೆ ಎಷ್ಟು, ಕೊಕ್ಕೆ ಎಷ್ಟು ಎಂದು ನನಗೆ ಗೊತ್ತಾಗದೆ ಇಲ್ಲ.

ಆದರೆ ನನ್ನನ್ನು ನಿಜಕ್ಕೂ ಹೆದರಿಸಿದ್ದು ಊರಿನವರ ಬಾಯಿ ಅಲ್ಲ, ಅತ್ತೆಯ ಬಾಯಿ. ನಾನು ಈ ಮನೆಗೆ ಕಾಲಿಟ್ಟಂದಿನಿಂದ ಅವರು ನನ್ನ ಸಾರನ್ನು ಒಮ್ಮೆಯಾದರೂ ಸುಮ್ಮನೆ ಉಂಡವರಲ್ಲ. ಹುಳಿ ಮುಂದಾಯಿತು, ಕೊತ್ತಂಬರಿ ಹೊತ್ತಿತು, ಇಂಗು ಎಲ್ಲಿ ಹೋಯಿತು, ಹೀಗೆ ಏನಾದರೊಂದು. ಅದಕ್ಕೆ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಉತ್ತರ ಕೊಡುವುದು, ಇದೆಲ್ಲ ನಮ್ಮ ಮನೆಯ ನಿತ್ಯಪೂಜೆ. ಜ್ವರದ ನಂತರ ಅತ್ತೆ ಸಾರನ್ನು ಬಾಯಿಗಿಟ್ಟು, "ಎಲ್ಲ ಸರಿ ಉಂಟು ಮಗಾ" ಎನ್ನತೊಡಗಿದರು. ಎಲ್ಲ ಸರಿ ಉಂಟು! ಆ ಮಾತು ಕೇಳಿದಾಗಲೆಲ್ಲ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಇವರು ಹೊರಟೇ ಬಿಡುತ್ತಾರೇನೋ ಎಂದು ಅಡುಗೆಮನೆಯಲ್ಲಿ ನಿಂತು ಅತ್ತದ್ದೂ ಉಂಟು.

ಆಗ ಅಶ್ವಿನಿ, "ಇಲ್ಲಿಯ ರುಚಿ ಯಾವುದೂ ಆಗದಿದ್ದರೆ ಹೊರಗಿನದ್ದು ನೋಡುವ" ಎಂದು ಈ ಇಟಲಿಯ ಉಪಾಯ ತೆಗೆದಳು. ನಾನು, "ಸೇಮಿಗೆಯನ್ನೇ ತಿನ್ನದವರು ಅದರ ಇಟಲಿಯ ತಮ್ಮನನ್ನು ತಿಂತಾರಾ?" ಎಂದೆ. ನನ್ನ ಗಂಡ ಎಂದಿನಂತೆ, "ಅಮ್ಮ ಬರುವುದಾದರೆ ಹೋಗುವ" ಎಂದು ಎರಡೂ ಕಡೆ ಸೇರುವ ಮಾತಾಡಿದರು. ಅತ್ತೆ ಮಾತ್ರ ತಕರಾರಿಲ್ಲದೆ ಕಾಸರಗೋಡು ಸೀರೆ ಉಟ್ಟು ಕಾರಿನಲ್ಲಿ ಕೂತರು. ತಕರಾರು ಮಾಡದ್ದೇ ನನಗೆ ಇನ್ನೊಂದು ಹೆದರಿಕೆ.

ಒಳಗೆ ಹೋದರೆ ಕತ್ತಲೆ. ಮೇಜಿಗೊಂದು ಮೇಣದ ಬತ್ತಿ. ಅತ್ತೆ ಸುತ್ತ ನೋಡಿ, "ಕರೆಂಟು ಹೋಗಿದೆಯಾ? ಇಷ್ಟು ದೊಡ್ಡ ಜಾಗದಲ್ಲಿ ಜನರೇಟರ್ ಇಲ್ವಾ?" ಎಂದರು. ಕತ್ತಲೆಗೇ ಇಲ್ಲಿ ಹೆಚ್ಚು ರೇಟು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಆ ಬತ್ತಿಯ ಬೆಳಕಿನಲ್ಲಿ ಅಶ್ವಿನಿ ಮೆನು ಓದಿ ಅರ್ಥ ಹೇಳಿದಳು. ಇದು ಉದ್ದದ್ದು, ಇದು ಕೊಳವೆ, ಇದು ಚಿಟ್ಟೆಯ ಆಕಾರದ್ದು, ಇದು ಉಂಡೆ. ಎಲ್ಲದಕ್ಕೂ ಒಂದೊಂದು ಹೆಸರು, ಒಳಗಿರುವುದು ಮಾತ್ರ ಅದೇ ಗೋಧಿಹಿಟ್ಟು. ನಗು ಬಂತು. ಮತ್ತೆ ಯೋಚಿಸಿದರೆ ನಗುವ ಅಧಿಕಾರ ನಮಗಿಲ್ಲ. ಅದೇ ಅಕ್ಕಿಯನ್ನು ಉಂಡೆ ಕಟ್ಟಿದರೆ ಪುಂಡಿ ಎಂದೂ, ಅರಿಶಿನದ ಎಲೆಯಲ್ಲಿ ಮಡಿಸಿದರೆ ಗಟ್ಟಿ ಎಂದೂ, ಒತ್ತಿ ಇಳಿಸಿದರೆ ಸೇಮಿಗೆ ಎಂದೂ ಕರೆಯುವವರು ನಾವು. ಬಡ ಹಿಟ್ಟಿಗೆ ಹತ್ತು ಹೆಸರಿಟ್ಟು ದೊಡ್ಡದು ಮಾಡುವ ಬುದ್ಧಿ ಕಡಲಿನ ಆಚೆಯೂ ಉಂಟು ಎಂದು ತಿಳಿದು ಸ್ವಲ್ಪ ಸಲಿಗೆ ಬಂತು. ಸೋಣವಾದ್ದರಿಂದ ಮೀನು ಮಾಂಸ ಬೇಡವೆಂದು ಟೊಮೆಟೊ ಹಾಕಿದ ಉದ್ದದ್ದನ್ನು ಹೇಳಿದೆವು.

ಅಷ್ಟರಲ್ಲಿ ಅಲ್ಲಿಯ ಮುಖ್ಯ ಬಾಣಸಿಗನೇ ಮೇಜಿನಿಂದ ಮೇಜಿಗೆ ಮಾತಾಡಿಸುತ್ತಾ ಬಂದ. ಸಾಕ್ಷಾತ್ ಇಟಲಿಯವನು, ಟೊಮೆಟೊದಷ್ಟೇ ಕೆಂಪು. ಹುಟ್ಟುಹಬ್ಬ ಯಾರದೆಂದು ಅವನಿಗೆ ಯಾರೋ ಹೇಳಿದ್ದಿರಬೇಕು. ಅತ್ತೆಯ ಮುಂದೆ ಬಗ್ಗಿ, ಎದೆಯ ಮೇಲೆ ಕೈಯಿಟ್ಟು, ಅವರ ಸೀರೆಯನ್ನೂ ಬಿಳಿ ತುರುಬನ್ನೂ ನೋಡಿ, "ಬೆಲ್ಲ! ಬೆಲ್ಲ!" ಎಂದ.

ಅತ್ತೆಯ ಮುಖ ಅರಳಿತು. ಜ್ವರ ಬಂದ ನಂತರ ನಾನು ಆ ಮುಖವನ್ನು ಹಾಗೆ ನೋಡಿರಲಿಲ್ಲ.

"ನೋಡು ಸುಜಾತ," ಎಂದರು ನನಗೆ, "ಇವನಿಗೆ ಮರ್ಯಾದೆ ಗೊತ್ತುಂಟು. ಮನೆಗೆ ಬಂದವರಿಗೆ ಮೊದಲು ಬೆಲ್ಲ ಬೇಕಾ ಕೇಳಿದ." ಮತ್ತೆ ಅವನ ಕಡೆ ತಿರುಗಿ, "ಹಾಂ, ಬೆಲ್ಲ! ಒಂದು ತುಂಡು ಸಾಕು" ಎಂದರು.

ನಮ್ಮ ಕಡೆ ನೆಂಟರು ಬಂದರೆ ಜಗಲಿಯಲ್ಲಿ ಕೂರಿಸಿ ಮೊದಲು ಕೊಡುವುದು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಯೋಗಕ್ಷೇಮ ಆಮೇಲೆ. ಅತ್ತೆಯ ಮಾತು ತುಳುವಿನಲ್ಲಿತ್ತು, ನಿಮಗಾಗಿ ಕನ್ನಡ ಮಾಡಿದ್ದೇನೆ. ಬೆಲ್ಲ ಎರಡರಲ್ಲೂ ಬೆಲ್ಲವೇ. ಇಟಲಿಯವನಿಗೆ ಏನು ತಿಳಿಯಿತೋ, ಅವನು ಖುಷಿಯಿಂದ ಇನ್ನೊಮ್ಮೆ "ಬೆಲ್ಲ!" ಎಂದ, ಇವರೂ ತಲೆಯಾಡಿಸಿ "ಬೆಲ್ಲ" ಎಂದರು. ಪಕ್ಕದಲ್ಲಿದ್ದ ಪಯ್ಯನ್ನೂರು ಕಡೆಯ ಸಪ್ಲಾಯರ್ ಓಡಿಹೋಗಿ ದೊಡ್ಡ ಹೂಜಿಯಲ್ಲಿ ನೀರು ತಂದಿಟ್ಟು, "ಇದಾ ಅಮ್ಮೇ, ವೆಳ್ಳಂ" ಎಂದ. ಅವನ ಮಲಯಾಳದ ಕಿವಿಗೆ ಬೆಲ್ಲ ನೀರಾಗಿ ಹೋಗಿತ್ತು.

"ನೀರು ಬಂತು," ಎಂದರು ಅತ್ತೆ ಸಮಾಧಾನದಿಂದ. "ಬೆಲ್ಲ ಎಲ್ಲಿ?"

ಅಶ್ವಿನಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಗೂ ನನ್ನ ಭಾಷಾಪಾಂಡಿತ್ಯಕ್ಕೆ ಒಂದು ಕೆಲಸ ಸಿಕ್ಕಿತು. "ವೆಳ್ಳಂ ಅಲ್ಲ ಮೋನೇ, ಶರ್ಕರ!" ಎಂದೆ. ಮಲಯಾಳದಲ್ಲಿ ಬೆಲ್ಲಕ್ಕೇ ಶರ್ಕರ ಎನ್ನುವುದು. ಅವನು ಒಂದು ಕ್ಷಣ ನನ್ನನ್ನೂ ಅತ್ತೆಯನ್ನೂ ನೋಡಿದ. ಅವನ ಮನೆಯಲ್ಲೂ ಒಬ್ಬ ಅಜ್ಜಿ ಇರಬೇಕು. ಏನೂ ಕೇಳದೆ ಒಳಗೆ ಹೋಗಿ, ಕೆಲಸದವರ ಅಡುಗೆಕೋಣೆಯಿಂದ ಒಂದು ತಟ್ಟೆ ಹಿಡಿದುಕೊಂಡು ಬಂದ. ಮೊರದಷ್ಟು ಅಗಲದ ಬಿಳಿ ಪಿಂಗಾಣಿ ತಟ್ಟೆ, ಅದರ ನಟ್ಟನಡುವೆ ನೆಲ್ಲಿಕಾಯಿಯಷ್ಟು ಬೆಲ್ಲ.

ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು, ಲೋಟವನ್ನು ತುಟಿಗೆ ತಾಗಿಸದೆ ಮೇಲಿಂದ ನೀರು ಹೊಯ್ದುಕೊಂಡರು. ಕಣ್ಣು ಮುಚ್ಚಿದರು. ನಾವು ಮೂವರೂ ಅವರ ಬಾಯಿಯನ್ನೇ ನೋಡಿದೆವು.

"ಸಿಹಿ ಉಂಟು," ಎಂದರು. ಮತ್ತೆ ನಾಲಿಗೆ ಚಪ್ಪರಿಸಿ, "ಸಿಹಿ ಗೊತ್ತಾಗ್ತದೆ ಸುಜಾತ. ಸ್ವಲ್ಪ ಉಪ್ಪುಪ್ಪು ಬೆಲ್ಲ, ಆದರೂ ಸಿಹಿ ಉಂಟು."

ನನ್ನ ಗಂಡ ಎದ್ದು ಕಿಟಕಿಯ ಹತ್ತಿರ ಹೋಗಿ ಕತ್ತಲೆಯಲ್ಲಿ ಕಾಣದ ಕಡಲನ್ನು ನೋಡುತ್ತಾ ನಿಂತರು. ಅವರು ಅಳುವ ಕ್ರಮ ಅದು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಇಟಲಿಯ ಸೇಮಿಗೆ ಬಂತು. ಅತ್ತೆ ಮುಳ್ಳಿನ ಚಮಚವನ್ನು ಬದಿಗಿಟ್ಟು ಕೈಯಲ್ಲಿ ಕಲಸಿ, ತಟ್ಟೆ ಖಾಲಿ ಮಾಡಿ, ನನ್ನ ತಟ್ಟೆಗೂ ಕೈ ಹಾಕಿದರು. ನಾನು ಇಷ್ಟು ದಿನ ಮಾಡಿ ಹಾಕಿದ್ದೆಲ್ಲ ಬೇಡವಾಗಿ ಯಾವನೋ ಬೇಯಿಸಿದ್ದು ಹಿಡಿಸಿದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಅದರ ಬದಲು ಅವನ ಕೈಗೆ ಬಂಗಾರದ ಬಳೆ ತೊಡಿಸುವ ಎಂದು ಕಂಡಿತು. ಕಾರಿನಲ್ಲಿ ಅಶ್ವಿನಿ, "ಅಜ್ಜಿ, ಅವನ ಭಾಷೆಯಲ್ಲಿ ಬೆಲ್ಲ ಅಂದ್ರೆ ಚೆಂದದ ಹೆಂಗಸು ಅಂತ. ನಿಮ್ಮನ್ನೇ ಹೇಳಿದ್ದು!" ಎಂದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಛೀ, ಆ ಕತ್ತಲೆಯಲ್ಲಿ ಅವನಿಗೆ ಎಂತ ಕಂಡಿತು!" ಎಂದರು. ಮನೆ ಬರುವವರೆಗೂ ನಗುತ್ತಲೇ ಇದ್ದರು.

ರುಚಿ ಹೇಗೆ ಬಂತೆಂದು ಡಾಕ್ಟರು ಏನೋ ಒಂದು ಕಾರಣ ಹೇಳಬಹುದು. ನನಗೆ ಹೊಳೆದದ್ದು ಇಷ್ಟು. ಜೀವಮಾನವಿಡೀ ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟ ಕೈ ಅತ್ತೆಯದು. ಮನೆಯವಳು ಎಂದೂ ನೆಂಟಳಲ್ಲವಲ್ಲ, ಅವರಿಗೆ ಕೊಟ್ಟವರು ಯಾರು? ಹಾಗಾಗಿ ಮರುದಿನ ಅವರು ಆಚೆಮನೆಗೆ ಹೋಗಿ ಇಟಲಿಯ ಕತೆಯನ್ನೆಲ್ಲ ಒಪ್ಪಿಸಿ ಬಂದು ಜಗಲಿಯಲ್ಲಿ ಕೂತಾಗ, ಒಂದು ತುಂಡು ಬೆಲ್ಲ, ತಂಬಿಗೆ ನೀರು ತಂದು ಮುಂದಿಟ್ಟೆ.

"ಎಂತ ಇದು? ನಾನು ನೆಂಟಳಾ?" ಎಂದು ಗದರಿದರು. ಗದರಿ ತಿಂದರು.

ಮಧ್ಯಾಹ್ನ ಊಟಕ್ಕೆ ಬಡಿಸಿದೆ. ಅತ್ತೆ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, ಹುಬ್ಬು ಗಂಟಿಕ್ಕಿ, ನನ್ನನ್ನೇ ದಿಟ್ಟಿಸಿ ನೋಡಿದರು.

"ಇದೆಂತ ಸಾರು ಮಾರಾಯ್ತಿ? ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಇಷ್ಟು ವರ್ಷ ಆದರೂ ಕಲಿಯಲಿಲ್ಲವಲ್ಲ ನೀನು!"

ನಾನು ಒಳಗೆ ಓಡಿ, ಅಭ್ಯಾಸ ತಪ್ಪಬಾರದೆಂದು ಒಂದು ಪಾತ್ರೆ ಜೋರಾಗಿ ಕುಕ್ಕಿದೆ. ಆಮೇಲೆ ಗೋಡೆಗೊರಗಿ ನಿಂತು, ಕಣ್ಣೊರೆಸಿಕೊಂಡು, ಉಪ್ಪಿನ ಭರಣಿ ಹಿಡಿದುಕೊಂಡು ನಗುತ್ತಾ ಹೊರಗೆ ಬಂದೆ.