ಮೂರು ತಿಂಗಳ ಮೇಲೆ ಒಂದು ದಿನ

ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಿಂದಿನಿಂದ "ರೈಟ್ರೇ" ಎಂದು ಕೂಗಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ, ಅವನೇ ಬಂದ ಅಂತ. ತಿರುಗಿ ನೋಡಿದರೆ ಬೇರೆ ಯಾರೋ ಇರುತ್ತಾರೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಹಾಜರಿ ಹಾಕಿ ಕಾಗದಪತ್ರ ನೋಡುವ ಗುಮಾಸ್ತ. ಕೆಲಸದಲ್ಲಿ ಪೆಟ್ಟಾದವರಿಗೆ, ಡಾಕ್ಟರು ಗುಣವಾಯಿತು ಎನ್ನುವವರೆಗೆ ಅರ್ಧ ಸಂಬಳ ಕೊಡುವುದು ಅಲ್ಲಿನ ಪದ್ಧತಿ. ಕಾಫಿ ರೇಟು ನೆಲಕಚ್ಚಿತು ನೋಡಿ, ಸಾಹುಕಾರರು ಅದಕ್ಕೆ ಮೂರು ತಿಂಗಳ ಮಿತಿ ಹಾಕಿಬಿಟ್ಟರು. ಆಮೇಲೂ ಬೇಕಿದ್ದರೆ ಆಳು ಆಫೀಸಿಗೇ ಬರಬೇಕು. ಅವನು ಹೇಗೆ ನಡೆಯುತ್ತಾನೆಂದು ನಾನು ನೋಡಿ ಬರೆಯಬೇಕು. ನಾನೇನು ಮೂಳೆ ಡಾಕ್ಟರೇ? ಆದರೂ ಹೂಂ ಅಂದೆ.

ನೆರಳುಮರದ ಕೊಂಬೆ ಕಡಿಯುವಾಗ ಬಿದ್ದು ಕಾಲು ಮುರಿದುಕೊಂಡಿದ್ದವನೊಬ್ಬ ಮೂರು ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಬಂದ. ಸಾಹುಕಾರರು ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಬಾಗಿಲಿಂದ ಮೇಜಿಗೆ ಆರೇಳು ಹೆಜ್ಜೆ. ನಿಧಾನಕ್ಕೆ, ಆದರೆ ಯಾವ ಆಸರೆಯೂ ಇಲ್ಲದೆ ನಡೆದು ಬಂದು ಕೈಮುಗಿದ. ಹಣೆ ಬೆವೆತಿತ್ತು. ಗುಡ್ಡ ಹತ್ತಿ ಬಂದಿದ್ದಾನಲ್ಲ, ಅದಕ್ಕೇ ಅಂದುಕೊಂಡೆ.

"ಹೆಂಗಿದ್ಯಾ ಮಾರಾಯ?"

"ಅಡ್ಡಿಲ್ಲ ರೈಟ್ರೇ," ಎಂದು ನಕ್ಕ.

ಕಂಡದ್ದನ್ನು ಬರೆದೆ: ಆಸರೆಯಿಲ್ಲದೆ ನಡೆಯುತ್ತಾನೆ. ಅರ್ಧ ಸಂಬಳ ನಿಂತಿತು. ಸೋಮವಾರದಿಂದ ಗೊಬ್ಬರದ ಮೂಟೆ ಹೊರಲು ಹಾಕಿದರು. ವಾರ ತುಂಬುವ ಮೊದಲೇ ಇಳಿಜಾರಿನಲ್ಲಿ ಮೂಟೆ ಸಮೇತ ಕುಸಿದ. ಕೂಡುತ್ತಿದ್ದ ಮೂಳೆ ಮತ್ತೆ ಮುರಿದಿತ್ತು. ಇನ್ನು ಮರ ಹತ್ತುವ ಮಾತೇ ಇಲ್ಲ ಎಂದರು ಕೊಪ್ಪದ ಡಾಕ್ಟರು.

ಮರುದಿನ ಅವನ ಹೆಂಡತಿ ಬಂದು ನನ್ನ ಮೇಜಿನ ಎದುರೇ ನಿಂತಳು.

"ಸಾಹುಕಾರ್ರ ಎದ್ರು ಕೋಲು ಊರ್ಕಂಡು ಹೋದ್ರೆ ಮರ್ಯಾದೆ ಅಲ್ಲ ಅಂತ ಚಪ್ಲಿ ಪಕ್ಕ ಒರಗ್ಸಿಟ್ಟು ಒಳಗೆ ಬಂದಿದ್ರು. ಒಂದ್ಸಲ ಬಾಗ್ಲಾಚೆ ಇಣುಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಥೂ, ನಾನೂ ದಿನಾ ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವವನು. ಸಾಹುಕಾರರ ಎದುರು ಆಳುಗಳು ಹೇಗಿರುತ್ತಾರೆಂದು ನನಗೆ ಗೊತ್ತಿಲ್ಲದ್ದೇ? ನಾಚಿಕೆಯಿಂದ ಸತ್ತುಹೋದೆ.

ಭಾನುವಾರ ಅವನ ಮನೆಗೆ ಹೋದೆ. ಬಾಯಿಗೆ ಬಂದಂತೆ ಬೈಯಲಿ ಎಂದೇ ಹೋಗಿದ್ದೆ. ಗೋಡೆಗೆ ಒರಗಿ ಕೂತಿದ್ದವನು ನನ್ನನ್ನು ಕಂಡು ಏಳಲು ನೋಡಿದ. ಹೆಂಡತಿಗೆ ಕಾಫಿ ಮಾಡಲು ಹೇಳಿದ.

"ನಂದು ತಪ್ಪಾಯ್ತು," ಅಂದೆ.

"ನೀವೆಂತ ಸುಳ್ಳು ಬರ್ದ್ರಾ? ಕಂಡಿದ್ದು ಬರ್ದ್ರಿ, ಬಿಡಿ." ಆಮೇಲೆ ಕೇಳಿದ: "ಅಲ್ಲ ರೈಟ್ರೇ, ಇದು ಹೊಸ್ದಾಗಿ ಮುರ್ದಿದ್ದಲ್ವ? ಮೂರು ತಿಂಗ್ಳು ಮತ್ತೆ ಮೊದ್ಲಿಂದ ಸುರು ಆಗ್ತದಾ?"

ಆಗುವುದಿಲ್ಲ. ಅದೇ ಕಾಲಿಗೆ ಎರಡನೇ ಸಲ ಇಲ್ಲ ಎಂಬುದು ಆ ನಿಯಮದ ಕೊನೆಯ ಸಾಲು. ಸಾಹುಕಾರರು ಹೇಳಿದಾಗ ಅದನ್ನು ಬರೆದುಕೊಂಡವನೇ ನಾನು.

"ಕೇಳಿ ಹೇಳ್ತೀನಿ ಮಾರಾಯ," ಎಂದು ಅವನ ಮನೆಯ ಕಾಫಿ ಕುಡಿದು ಎದ್ದು ಬಂದೆ. ಮತ್ತೆ ಆ ಕಡೆ ಹೋಗಲೇ ಇಲ್ಲ.